ಗುಂಡು ಹೊಕ್ಕ ಕುಂಬಳಕಾಯಿ

ವೇತಾಳ ಗುಡ್ಡದ ಕಲ್ಲಿನ ಕ್ವಾರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬಂಡೆ ಸಿಡಿಸುತ್ತಿದ್ದರು. ಧಡ್ ಧಡ್ ಎಂದು ಮದ್ದು ಹಾರುವ ಆ ಗದ್ದಲದಲ್ಲಿ ಒಂದು ಪಿಸ್ತೂಲಿನ ಸದ್ದು ಸೇರಿಕೊಂಡರೆ ಯಾರ ಕಿವಿಗೆ ಬೀಳಬೇಕು? ೧೯೧೦ರ ಮಾಗಿಯಲ್ಲಿ ಪ್ರಲ್ಹಾದ ಮತ್ತು ಕೃಷ್ಣಾಜಿ ಅಲ್ಲಿಗೆ ಹೋಗುತ್ತಿದ್ದದ್ದು ಅದಕ್ಕೇ. ಇಬ್ಬರೂ ಧಾರವಾಡದಿಂದ ಪುಣೆಗೆ ಓದಲು ಬಂದವರು, ಸದಾಶಿವ ಪೇಠದಲ್ಲಿ ತಮ್ಮ ಸೀಮೆಯವಳೇ ಆದ ಗಂಗೂಬಾಯಿಯ ಖಾನಾವಳಿಯಲ್ಲಿ ಉಂಡು ಅಲ್ಲೇ ಮಲಗುವವರು. ಗಂಗೂಬಾಯಿಯೂ ಜೊತೆಗಿದ್ದಳು. ಬುಟ್ಟಿಯಲ್ಲಿ ಬೂದುಗುಂಬಳಕಾಯಿ ಹೊತ್ತು ತಂದವಳು ಅವಳೇ.

ಕೃಷ್ಣಾಜಿ ಕಾಯಿಯನ್ನು ಬಂಡೆಯ ಮೇಲಿಟ್ಟ. ಮದ್ದು ಸಿಡಿಯುತ್ತಲೇ ಪ್ರಲ್ಹಾದ ಸೀಸದ ಗುಂಡು ಹಾರಿಸಿದ. ಕಾಯಿ ಒಡೆದು ಚೂರುಚೂರಾಗಿ, ಬಿಳಿಯ ತಿರುಳು ಗಂಗೂಬಾಯಿಯ ಮುಖದ ತನಕ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಅವಳಿಗೆ ಖುಷಿಯಾಗಿತ್ತು.

ಆಗಬಾರದೇಕೆ? ಅವಳ ಒಬ್ಬನೇ ಮಗ ನರಹರಿ ಸರಕಾರದ ವಿರುದ್ಧ ಗೋಡೆಗೆ ಕಾಗದ ಅಂಟಿಸಿದನೆಂದು ಪೊಲೀಸ್ ಫೌಜದಾರ ಏಕನಾಥ ಅವನನ್ನು ಚೌಕಿಗೆ ಎಳೆದೊಯ್ದಿದ್ದ. ಮರುದಿನ ಕೈಗಾಡಿಯಲ್ಲಿ ಹೆಣ ಬಂತು. ವಾಂತಿಭೇದಿಯಾಗಿ ಸತ್ತನೆಂದರು. ಹೆಣಕ್ಕೆ ನೀರು ಹಾಕುವಾಗ ಮಗನ ತಲೆಯ ಹಿಂಭಾಗ ತಾಯಿಯ ಅಂಗೈಯಲ್ಲಿ ಮೆತ್ತಗೆ ಒಳಕ್ಕೆ ಹೋಯಿತು. ವಾಂತಿಭೇದಿ ತಲೆಬುರುಡೆ ಒಡೆಯುತ್ತದೆಂದು ಅವಳು ಎಲ್ಲಿಯೂ ಕೇಳಿರಲಿಲ್ಲ. ಗೆಳೆಯನ ಹೆಣ ಹೊತ್ತ ಈ ಇಬ್ಬರು ಹುಡುಗರು ಅಂದೇ ಆಣೆ ಮಾಡಿದ್ದರು, ಫೌಜದಾರನನ್ನು ಉಳಿಸುವುದಿಲ್ಲ ಎಂದು. ಅದೊಂದನ್ನು ಕಣ್ಣಾರೆ ನೋಡಿ ಸಾಯಬೇಕೆಂದು ಗಂಗೂಬಾಯಿ ಜೀವ ಹಿಡಿದಿದ್ದಳು.

ಎರಡನೆಯ ಕಾಯಿಗೆ ತಾಮ್ರದ ಹೊದಿಕೆಯ ಗುಂಡು. ಹಾರಿಸಿದರೆ ಕಾಯಿ ಅಲುಗಲೂ ಇಲ್ಲ. ಈ ಕಡೆ ಒಂದು ಸಣ್ಣ ತೂತು, ಆ ಕಡೆ ಇನ್ನೊಂದು.

"ಇದೇನ್ ಗುಂಡೋ, ಸೂಜಿ ಚುಚ್ಚಿದಂಗಾತು!" ಎಂದು ಪ್ರಲ್ಹಾದ ಮುಖ ಕಿವುಚಿದ. "ಸೀಸದ್ದ ಛಲೋ. ಆ ಹಲಕಟ್ಟನ ಎದೀನೂ ಹಂಗ ಒಡೀಬೇಕು."

ಪರೀಕ್ಷೆಯಲ್ಲೇ ಗುಂಡೆಲ್ಲ ಖರ್ಚಾಗಿ ಸೀಸದ್ದೊಂದು, ತಾಮ್ರದ್ದೊಂದು ಉಳಿದಿದ್ದವು. ಮೊದಲು ಸೀಸದ್ದು, ಅದರ ಹಿಂದೆ ತಾಮ್ರದ್ದು ಎಂದು ತುಂಬಿಟ್ಟರು. ಕುಂಬಳಕಾಯಿಯದು ಬರಿಮೈ, ಮಾಗಿಯ ಚಳಿಯಲ್ಲಿ ಫೌಜದಾರ ಬರಿಮೈಯಲ್ಲಿ ತಿರುಗುವುದಿಲ್ಲ ಎನ್ನುವುದು ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸೇಡಿನ ಹಸಿವಿದ್ದವರಿಗೆ ಒಡೆಯುವುದಷ್ಟೇ ಕಾಣುತ್ತದೆ.

ಒಡೆದ ಚೂರುಗಳನ್ನು ಗಂಗೂಬಾಯಿ ಚೆಲ್ಲದೆ ಆರಿಸಿ ತಂದು ಹುಳಿ ಮಾಡಿದಳು. ಕೃಷ್ಣಾಜಿಯ ಹಲ್ಲಿಗೆ ಸೀಸದ ಹರಳೊಂದು ಸಿಕ್ಕು ಮೂವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ತೂತಾದ ಕಾಯಿಯನ್ನು ಕೊಯ್ಯಲು ಮಾತ್ರ ಅವಳು ಮುಟ್ಟಲಿಲ್ಲ. ಇಡೀ ಬೂದುಗುಂಬಳಕ್ಕೆ ಹೆಂಗಸು ಮೊದಲ ಏಟು ಹಾಕುವಂತಿಲ್ಲ. ನರಬಲಿಯ ಬದಲು ದೇವರಿಗೆ ಕೊಡುವ ಕಾಯಿ ಅದು. ಹೆಂಗಸು ಕೊಯ್ದರೆ ಹೊಟ್ಟೆಯ ಮಗನನ್ನೇ ಕೊಯ್ದಂತೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಗಂಡಸು ಒಂದು ಏಟು ಹಾಕಿಕೊಟ್ಟರೆ ಆಮೇಲೆ ಹೆಂಗಸು ಹೇಗಾದರೂ ಹೆಚ್ಚಬಹುದು. ಖಾನಾವಳಿಯಲ್ಲಿ ಆ ಏಟು ಯಾವಾಗಲೂ ನರಹರಿಯದು. ಅವನು ಹೋದ ಮೇಲೆ ಪ್ರಲ್ಹಾದನದು.

"ಇದಕ್ಕೊಂದು ಏಟ್ ಹಾಕ್ಲ್ಯಾ, ಮೌಶಿ?" ಎಂದು ಪ್ರಲ್ಹಾದ ಈಳಿಗೆಮಣೆ ಎಳೆದುಕೊಂಡ.

"ಬ್ಯಾಡೋ. ಗುಂಡ್ ತಿಂದೂ ಒಡದಿಲ್ಲ ಅಂದ್ರ ಇದು ಭಾಳ ಗಟ್ಟಿ ಕಾಯಿ. ಬಾಗಲಿಗೆ ಕಟ್ಟು. ನಿಮ್ಮಿಬ್ಬರಿಗೆ ಯಾರ ದೃಷ್ಟೀನೂ ತಾಗಬಾರದು."

ಓದಿದ ಹುಡುಗರು ಬೇಡವೆನ್ನಬೇಕಿತ್ತಲ್ಲ? ಊರಲ್ಲಿ ಅವರ ಅವ್ವಂದಿರೂ ಬಾಗಿಲಿಗೆ ಕುಂಬಳಕಾಯಿ ಕಟ್ಟಿದವರೇ. ಕೃಷ್ಣಾಜಿ ತಾನೇ ಹಗ್ಗ ಹುಡುಕಿ ತಂದ. ಪಿಸ್ತೂಲಿನ ಸಾಕ್ಷಿಯನ್ನು ಹಾಡುಹಗಲೇ ಬೀದಿಯ ಬಾಗಿಲಿಗೆ ನೇತುಹಾಕಿ ಮೂವರೂ ಕೈಮುಗಿದು ಒಳಗೆ ಹೋದರು.

ಎರಡು ದಿನ ಕಳೆದಿರಬಹುದು. ಬೆಳಗಿನ ಊಟದ ಹೊತ್ತು. ಹುಡುಗರು ತಾಟಿನ ಮುಂದೆ ಕುಳಿತಿದ್ದರು. ಬೀದಿಯಲ್ಲಿ ಗಸ್ತು ಹೊರಟಿದ್ದ ಏಕನಾಥ ಬಾಗಿಲ ಮುಂದೆ ನಿಂತುಬಿಟ್ಟ. ಎಳೆಬಿಸಿಲು ಕಾಯಿಯ ತೂತಿನಿಂದ ಹಾದು ಹೊಸ್ತಿಲ ಮೇಲೆ ಬೊಟ್ಟಿನಷ್ಟು ಬಿದ್ದಿತ್ತು. ಅವನು ಪೊಲೀಸಿಗೆ ಬರುವ ಮೊದಲು ಪಲ್ಟನ್ನಿನಲ್ಲಿದ್ದವನು. ಕಿರುಬೆರಳನ್ನು ತೂತಿಗೆ ಹಾಕಿ ತಿರುಗಿಸಿ ನೋಡಿ, ಬೂಟುಗಾಲಲ್ಲೇ ಒಳಗೆ ಬಂದ. ಬೆಳಗಾವಿಯ ನೌಕರಿಯಲ್ಲಿ ಕಲಿತ ಹರಕು ಕನ್ನಡದಲ್ಲಿ ಕೇಳಿದ:

"ಬಾಯಿ, ಈ ಕಾಯಿಗೆ ಯಾವ ಹುಳಾ ಹತ್ತೇದ? ಈಕಡೆ ಹೊಕ್ಕು ಆಕಡೆ ಹೊಂಟದ?"

ಪ್ರಲ್ಹಾದನ ಕಣ್ಣು ಪಿಸ್ತೂಲು ಹುಗಿದಿಟ್ಟಿದ್ದ ಮೂಲೆಯ ಹಿಟ್ಟಿನ ಡಬ್ಬಿಯ ಕಡೆ ಹೊರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಹೊಂದೀತು? ಏಕನಾಥ ಡಬ್ಬಿಯ ಕಡೆ ಹೆಜ್ಜೆ ಹಾಕಿದ. ಕೃಷ್ಣಾಜಿ ಅಡ್ಡ ಬಂದ. ಫೌಜದಾರನ ದೊಣ್ಣೆ ಅವನ ದವಡೆಗೆ ಬಿತ್ತು. ಎಲುಬು ಮುರಿದ ಸದ್ದು ಅಡುಗೆಮನೆಯ ತನಕ ಕೇಳಿಸಿತು. ಬಿದ್ದವನ ಕೈಮೇಲೆ ಬೂಟಿಟ್ಟು ತುಳಿದ. ಕೃಷ್ಣಾಜಿಯ ಬಾಯಿಂದ ರಕ್ತದ ಜೊತೆ ಹಲ್ಲು ಅನ್ನದ ತಾಟಿನಲ್ಲಿ ಉದುರಿದವು. ಗಂಗೂಬಾಯಿ ಓಡಿ ಬಂದು ಫೌಜದಾರನ ತೋಳಿಗೆ ಜೋತುಬಿದ್ದಳು. ಏಕನಾಥ ಅವಳ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ.

"ಮಗನ ತಲಿ ಮರತೀ ಏನು? ಎರಡ ಏಟಿಗೆ ಒಡೀತು. ಇವನದೂ ನೋಡ್ತೀ?"

ಅಷ್ಟರಲ್ಲಿ ಪ್ರಲ್ಹಾದ ಡಬ್ಬಿಗೆ ಕೈಹಾಕಿದ್ದ. ಮೊಣಕೈ ತನಕ ಹಿಟ್ಟಾದ ಕೈಯಿಂದ, ಎದೆಗೆ ಗುರಿಯಿಟ್ಟು ಹಾರಿಸಿದ.

ಫೌಜದಾರ ದೊಪ್ಪನೆ ಬಿದ್ದ. ಬಿದ್ದವನು ಕೆಮ್ಮಿದ. ಕೆಮ್ಮುತ್ತಲೇ ಎದ್ದು ಕುಳಿತ. ಸೀಸದ ಗುಂಡು ಅವನ ಎದೆಪಟ್ಟಿಯ ಹಿತ್ತಾಳೆ ಬಿಲ್ಲೆಗೆ ಬಡಿದು ರೊಟ್ಟಿಯಂತೆ ತಟ್ಟಿಕೊಂಡು, ದಪ್ಪ ಉಣ್ಣೆಯ ಕೋಟಿನಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಪಕ್ಕೆಲುಬು ಮುರಿದಿರಬೇಕು, ಆದರೆ ಜೀವ ಗಟ್ಟಿಯಾಗಿತ್ತು. ಅವನು ಬಿಲ್ಲೆ ಮುಟ್ಟಿ ನೋಡಿಕೊಂಡು ನಗಲು ಶುರುಮಾಡಿದ. ಆ ನಗು ಕೇಳಿ ಪ್ರಲ್ಹಾದನ ಕೈ ಸತ್ತುಹೋಯಿತು. ಪಿಸ್ತೂಲು ಜಾರಿ ನೆಲಕ್ಕೆ ಬಿತ್ತು, ಅವನು ಹಿಂದೆ ಸರಿದು ಬಾಗಿಲಿಗೆ ಆತು ಕುಳಿತುಬಿಟ್ಟ.

ಏಕನಾಥ ಪಿಸ್ತೂಲಿನ ಕಡೆಗೆ ತೆವಳಿದ. ಗಂಗೂಬಾಯಿ ಅವನಿಗಿಂತ ಹತ್ತಿರವಿದ್ದಳು.

ಪಿಸ್ತೂಲು ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದಳು. ಜನ್ಮದಲ್ಲಿ ಒಂದು ಬೂದುಗುಂಬಳಕ್ಕೂ ಮೊದಲ ಏಟು ಹಾಕದವಳು ಅವಳು.

"ಠೇವ್ ಖಾಲೀ," ಎಂದ ಫೌಜದಾರ ಹಿಂದೆ ಸರಿದು ಗೋಡೆಗೆ ಆತು ಕುಳಿತು, ಕೆಳಗಿಡು ಎಂದು ತನ್ನ ಮರಾಠಿಯಲ್ಲಿ. ಈಗ ನಗುತ್ತಿರಲಿಲ್ಲ.

"ಗಂಡಸು ಮೊದಲ್ನೇ ಏಟ್ ಹಾಕಿ ಕೊಟ್ಟಾನ," ಎಂದಳು ಗಂಗೂಬಾಯಿ. "ಇನ್ನ ನಾ ಹೆಚ್ಚಬಹುದು."

ತಾಮ್ರದ ಗುಂಡು ಬಿಲ್ಲೆಯ ಪಕ್ಕದಲ್ಲೇ ಚರ್ಮದ ಪಟ್ಟಿಯನ್ನು ತೂರಿ, ಕೋಟು ತೂರಿ, ಹಿಂದಿನ ಸುಣ್ಣದ ಗೋಡೆಗೆ ಹೋಗಿ ಹೊಕ್ಕಿತು. ಅವನು ಅಲುಗಲೂ ಇಲ್ಲ. ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತ ಕುಳಿತೇ ಇದ್ದ. ಎದೆಯ ಮೇಲೆ ಸಣ್ಣದೊಂದು ತೂತು. ಆಮೇಲೆ ಬೆನ್ನ ಹಿಂದಿನ ಗೋಡೆಯ ಮೇಲೆ ರಕ್ತ ಇಳಿಯತೊಡಗಿತು, ಅವನು ಮೆಲ್ಲಗೆ ಪಕ್ಕಕ್ಕೆ ವಾಲಿದ.

ಬೀದಿಯಲ್ಲಿ ಕೂಗಾಟ ಎದ್ದಿತು. ಗಂಗೂಬಾಯಿ ಪ್ರಲ್ಹಾದನ ರಟ್ಟೆ ಹಿಡಿದು ಎಬ್ಬಿಸಿ, ಕೃಷ್ಣಾಜಿಯನ್ನು ಅವನ ಹೆಗಲಿಗೆ ಏರಿಸಿ ಹಿತ್ತಲ ಬಾಗಿಲಿಗೆ ದೂಡಿದಳು.

"ಮೌಶಿ, ನೀವೂ ಬರ್ರಿ," ಎಂದು ಪ್ರಲ್ಹಾದ ಅತ್ತ. "ಮೊದಲ ಹೊಡದಾಂವ ನಾ ಅಲ್ಲೇನ್ರಿ."

"ಅದು ನಮ್ಮನಿ ಮಾತು, ಹೊರಗ ಹೇಳೂದಲ್ಲ," ಎಂದಳು. "ಕೇಳಿದವರಿಗೆ ಎರಡೂ ಏಟು ನನ್ನವ ಅಂತೀನಿ. ಮಗನ್ನ ಕಳಕೊಂಡಾಕಿಗೆ ಇನ್ನ ಯಾವ ದೋಷ ಹತ್ತಬೇಕು? ಹೋಗ್ರಿ."

ಅವರು ಹೋದ ಮೇಲೆ ಬಾಗಿಲಿನ ಕಾಯಿಯನ್ನು ಬಿಚ್ಚಿ ತಂದು, ಈಳಿಗೆಮಣೆಯ ಮುಂದೆ ಕುಳಿತು, ಪೊಲೀಸರು ಬರುವ ತನಕ ತಾನೇ ಹೋಳು ಮಾಡಿದಳು.