ನಾತ ಬಾರದ ಮೀನುಗಾರರು

"ಏ ಮುದುಕಿ, ಬಲೆ ಹೊಲಿ ಅಂತ ಕೂರಿಸಿದ್ರೆ ಜಾಗ ಎಲ್ಲಾ ನಾರಿಸ್ತಾ ಕೂತಿದ್ದೀಯಲ್ಲ!"

ಫ್ಲ್ಯಾಟು ಮಾರುವ ಮ್ಯಾನೇಜರ್ ಮೂಗಿಗೆ ಕರ್ಚೀಫು ಒತ್ತಿಕೊಂಡು ನನ್ನ ಅತ್ತೆಯ ಮೇಲೆ ಎಗರಾಡಿದ. ತಪ್ಪು ಅತ್ತೆಯದೇ ಬಿಡಿ. ಕಂಪನಿ ಕೊಟ್ಟ ಹೊಚ್ಚ ಹೊಸ ನೀಲಿ ಬಲೆಯನ್ನು ಬದಿಗಿಟ್ಟು, ನಿನ್ನೆ ಹೊಳೆಯಲ್ಲಿ ಹರಿದುಹೋದ ನಮ್ಮ ಬಲೆಯನ್ನೇ ತಂದು ಹೊಲಿಯುತ್ತಿದ್ದರು.

"ಅಲ್ಲಪ್ಪಾ, ಹರೀದೇ ಇರೋ ಬಲೆ ಹೆಂಗೆ ಹೊಲೀಲಿ?"

"ಹೊಲಿಯೋ ಥರ ಕೈ ಆಡ್ಸು, ಸಾಕು. ಸೂಜಿ ಹೀಗೆ ಹಿಡ್ಕೋ."

ಮೀನಿಗೆ ಈಜು ಕಲಿಸುವುದೆಂದರೆ ಇದೇ ಇರಬೇಕು.

ನಾವು ಕೂತಿದ್ದ ಬಿಳಿ ಕಲ್ಲಿನ ಜಾಗದಲ್ಲೇ ಮೊದಲು ನಮ್ಮ ಮನೆಗಳಿದ್ದವು. ದಂಡೆಯ ಅಂದ ಕೆಡಿಸುತ್ತೀರಿ ಎಂದು ಅವನ್ನು ಕೆಡವಿ, ನಮ್ಮನ್ನು ನೀರೇ ಕಾಣದ ಕಡೆ ಎಸೆದರು. ಮುಗಿಲೆತ್ತರದ ಕಟ್ಟಡಗಳು ಎದ್ದ ಮೇಲೆ ಮಹಾನುಭಾವರಿಗೆ ದಂಡೆ ಬೋಳು ಬೋಳಾಗಿ ಕಂಡಿತು. ಕೊಳ್ಳಲು ಬರುವವರ ಕಣ್ಣಿಗೆ ಹಬ್ಬವಾಗಲೆಂದು ಸಂಜೆ ಹೊತ್ತು ನಮ್ಮನ್ನೇ ಕರೆಸಿ ಕೂರಿಸಿದರು. ಮೀನು ಹಿಡಿದು ಬದುಕಿದರೆ ಕೊಳಕು, ಹಿಡಿದಂತೆ ನಟಿಸಿದರೆ ಪರಂಪರೆ! ಈ ಕೋತಿಯಾಟಕ್ಕೆ ನಾವು ಒಪ್ಪಿದ್ದು ಮೂಲೆಯಲ್ಲಿ ಹೊಳೆಗಿಳಿಯುವ ಮೆಟ್ಟಿಲಿಗಾಗಿ. ದಂಡೆಯುದ್ದಕ್ಕೂ ನೀರಿನಿಂದ ಆಳೆತ್ತರಕ್ಕೆ ಗೋಡೆ ಎಬ್ಬಿಸಿ, ಮೇಲೆ ಕಂಬಿ ಹಾಕಿದ್ದರು. ದೋಣಿಯಿಂದ ಮೀನು ಇಳಿಸಲು ಉಳಿದದ್ದು ಅದೊಂದೇ. ಅದರ ಗೇಟಿಗೆ ಬೀಗ ಹಾಕುವುದಿಲ್ಲವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಫ್ಲ್ಯಾಟು ನೋಡಲು ಗಂಡ ಹೆಂಡತಿ ಬಂದರು. ಆಕೆ ಅತ್ತೆಯ ಪಕ್ಕ ಕೂತು ಫೋಟೋ ತೆಗೆಸಿಕೊಂಡಳು. ಆಮೇಲೆ ಮೂಗು ಮುರಿದಳು.

"ದಿನಾ ಹೀಗೇ ವಾಸ್ನೆ ಬರುತ್ತಾ?"

"ಛೇ ಛೇ, ಇಲ್ಲ ಮೇಡಂ!" ಮ್ಯಾನೇಜರ್ ಹಲ್ಲು ಕಿರಿದ. "ಆ ಮೆಟ್ಲಿಗೆ ಈಗ್ಲೇ ಬೀಗ ಹಾಕಿಸ್ತೀನಿ. ಇವ್ರು ಇರ್ತಾರೆ, ಮೀನು ಇರಲ್ಲ. ಇವತ್ತು ದುಡ್ಡು ಹಾಕಿದ್ರೆ ನಾಳೆಗೆ ಡಬಲ್ ಆಗೋ ಜಾಗ ಇದು."

ಕಾವಲುಗಾರ ಹೋಗಿ ಗೇಟಿಗೆ ಬೀಗ ಜಡಿದ. ಅತ್ತ ಹೊಳೆಯಲ್ಲಿ ನನ್ನ ಗಂಡನ ದೋಣಿ ಬರುತ್ತಿತ್ತು.

"ಮಾತು ಕೊಟ್ಟಿದ್ಯಲ್ಲೋ, ಬೋಳಿಮಗನೇ!" ಎಂದರು ಅತ್ತೆ.

"ಕೊಡೋ ಸಂಬ್ಳ ತಗೊಂಡು ಬಾಯ್ಮುಚ್ಕೊಂಡು ಕೂತ್ಕೋ."

ಅತ್ತೆ ಕೂರಲಿಲ್ಲ. ದಂಡೆಯ ಅಂಚಿನ ಫಳಫಳ ಹೊಳೆಯುವ ಸ್ಟೀಲ್ ಕಂಬಿಯ ಹತ್ತಿರ ಹೋಗಿ ಕೂಗಿದರು: "ಮಗಾ, ಹಗ್ಗ ಇಲ್ಲಿಗೇ ಎಸಿಯೋ!"

ಹಗ್ಗ ಬಂತು. ನಾನೇ ಅದನ್ನು ಕಂಬಿಗೆ ಬಿಗಿದೆ. ಗಂಡ ಕೆಳಗಿನಿಂದ ಎತ್ತಿಕೊಟ್ಟ ಬುಟ್ಟಿಯನ್ನು ಅತ್ತೆ ಸೊಸೆ ಸೇರಿ ಎಳೆದು, ಬಿಳಿ ಕಲ್ಲಿನ ಮೇಲೆ ಸುರಿದೆವು. ಮೀನುಗಳು ಪಟಪಟ ಬಡಿದುಕೊಂಡವು. ಮೇಡಂ ಕಿರುಚಿಕೊಂಡು ಗಂಡನ ಬೆನ್ನ ಹಿಂದೆ ಅಡಗಿದಳು.

"ನಿಮ್ ಕೆಲ್ಸ ಹೋಯ್ತು! ಪೊಲೀಸ್ ಕರೀತೀನಿ!" ಮ್ಯಾನೇಜರ್ ಅರಚಿದ.

ಅತ್ತೆ ಮೀನುಗಳ ನಡುವೆ ಕಾಲು ಚಾಚಿ ಕೂತು, ಬಲೆಯ ದಾರ ಕೊಯ್ಯುವ ಚಾಕುವಿನಿಂದ ಒಂದರ ಹೊಟ್ಟೆ ಸೀಳಿದರು.

"ಕರ್ಸು. ಬರೋವಾಗ ಚೀಲ ತರೋಕೆ ಹೇಳು. ನಾಳೆಯಿಂದ ದಿನಾ ಮೀನು ಇಳಿಸೋದು ಇಲ್ಲೇ."