ಬಿಟ್ಟ ಹಾಳೆಗಳು

ಜಯಶ್ರೀ ಮೂರನೆಯ ತಂಬಿಗೆ ನೀರನ್ನು ಅತ್ತೆಯ ನೆತ್ತಿಯ ಮೇಲೆ ಸುರಿಯುತ್ತಿದ್ದಾಗ ಹಿಂದಿನಿಂದ ಯಾರೋ ಅಂದರು: "ಪುಣ್ಯವಂತಿ ಬಿಡ್ರಿ. ಹಿಡಿದ ಪುಸ್ತಕ ಮುಗಿಸೇ ಹೋಗ್ಯಾಳ."

ತಂಬಿಗೆ ಕೈಯಿಂದ ಜಾರಿ ಬಚ್ಚಲ ಕಲ್ಲಿನ ಮೇಲೆ ಠಣ್ ಎಂದಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆ ಮುದುಕಮ್ಮನ ತಲೆ ಒಂದಿಷ್ಟು ವಾಲಿತು. ಸದ್ದು ಕೇಳಿ ತಿರುಗಿದಳೇನೋ ಅನ್ನಿಸಿ ಜಯಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

"ಅಂಜಬ್ಯಾಡ ಬೇಟಿ, ನಿಮ್ಮತ್ತಿನ ಅದಾಳ," ಎಂದು ಪಕ್ಕದ ಮನೆಯ ಜುಬೇದಾಬೀ ಆ ತಲೆಯನ್ನು ನೆಟ್ಟಗೆ ಮಾಡಿ, ತಾನೇ ನೀರು ಹಾಕತೊಡಗಿದಳು.

ಸಾಲಗುಂದದ ಆ ಓಣಿಯಲ್ಲಿ ಬೆಳಗಿನಿಂದ ಒಂದೇ ಮಾತು. ಮುದುಕಮ್ಮ ಬೈಬಲ್ ಮುಗಿಸಿದ್ದು ಮೊನ್ನೆ, ಕಣ್ಣು ಮುಚ್ಚಿದ್ದು ನಿನ್ನೆ ಮಧ್ಯಾಹ್ನ. ಬಂದವರೆಲ್ಲ ಬಾಯಿತುಂಬ ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಜಯಶ್ರೀ ಬೇರೆ ಕಡೆ ತಿರುಗುತ್ತಿದ್ದಳು. ಪುಸ್ತಕ ಮುಗಿದಿರಲಿಲ್ಲ. ಮುಗಿದಿಲ್ಲವೆಂದು ಗೊತ್ತಿದ್ದವಳು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

*

ಒಂಬತ್ತು ವರ್ಷದ ಹಿಂದೆ ಗಂಡನ ಕಾಲು ಮುರಿದು ಮುದುಕಮ್ಮ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಕೂತಿದ್ದಳು. ಪಕ್ಕದ ಮಂಚದ ಹೆಂಗಸು ಮನೆಗೆ ಹೋಗುವಾಗ ಈ ಪುಸ್ತಕ ಕೊಟ್ಟುಹೋಗಿದ್ದಳು. ಮುದುಕಮ್ಮ ಶಾಲೆಯ ಮುಖ ಕಂಡವಳಲ್ಲ. ತವರೂರು ಗುರುಗುಂಟಾಕ್ಕೆ ಹೋಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ತಾಸುಗಟ್ಟಲೆ ಕಾಯುತ್ತ ಬಸ್ಸಿನ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತವಳು. ಹಾಗಾಗಿ ಮೊದಲ ವರ್ಷ ದಿನಕ್ಕೆ ಎರಡೇ ಸಾಲು. ಎರಡನೆಯ ವರ್ಷ ಹತ್ತು. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಮೊಮ್ಮಗಳು ಶಾಲೆಗೆ ಸೇರಿದ್ದಳು.

ಬೆಳಗ್ಗೆ ಒಲೆ ಹೊತ್ತಿಸಿ, ಕೈಕಾಲು ತೊಳೆದು, ಹೊಸ್ತಿಲ ಬಳಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುವಳು. ಭತ್ತ ನಾಟಿಯ ದಿನಗಳಲ್ಲೂ ತಪ್ಪಿಸಲಿಲ್ಲ. ಗಂಡ ತೀರಿಕೊಂಡ ಬೆಳಗೂ ತನ್ನ ಪಾಲಿನ ಸಾಲು ಓದಿಯೇ ಅತ್ತಳು. ಅತ್ತೆ ಸೊಸೆಯರ ಕತೆಯೊಂದು ಬಂದಾಗ ಮಾತ್ರ ಅದನ್ನು ಮೂರು ಸಲ ಓದಿದಳು, ಜಯಶ್ರೀಗೆ ಕೇಳಲಿ ಎಂದು ಇನ್ನಷ್ಟು ಗಟ್ಟಿಯಾಗಿ. ಗೋಡೆಯ ಮೇಲಿನ ಹುಲಿಗೆಮ್ಮನ ಪಟವನ್ನು ತೆಗೆಯಲಿಲ್ಲ. "ಧರ್ಮ ಬದಲಿ ಮಾಡಿಯೇನಬೇ?" ಎಂದು ಕೇಳಿದವರಿಗೆ, "ಓದಾಕತ್ತೀನಿ ತಡೀರಿ, ಮುಗಿಸಿದ ಮ್ಯಾಲ ಹೇಳ್ತೀನಿ," ಎನ್ನುವಳು.

ಎರಡು ವರ್ಷದ ಹಿಂದೆ ಜ್ವರ ನೆತ್ತಿಗೇರಿ, ಸಿಂಧನೂರಿನ ಡಾಕ್ಟರು ಕೈಚೆಲ್ಲಿ, ನೆಂಟರಿಗೆ ಫೋನು ಹೋಗಿತ್ತು. ಮುದುಕಮ್ಮ ಕಣ್ಣು ಬಿಟ್ಟು, "ಯಾಕ ಅಳ್ತೀರಿ? ನನ್ನ ಪುಸ್ತಕ ಇನ್ನಾ ಮುಗಿದಿಲ್ಲ. ಮುಗಿಯೋತನ ನಾ ಹೋಗಂಗಿಲ್ಲ," ಎಂದು ಗಂಜಿ ಕೇಳಿದಳು. ಅಂದಿನಿಂದ ಇಡೀ ಓಣಿ ಆ ಮಾತನ್ನು ನಂಬಿತು. ಜಯಶ್ರೀಯೂ ನಂಬಿದಳು.

*

ಕಳೆದ ವರ್ಷ ಅತ್ತೆಯ ಕಣ್ಣು ಪೂರ್ತಿ ಹೋಯಿತು. ಓದುವ ಕೆಲಸ ಸೊಸೆಯ ಪಾಲಿಗೆ ಬಂತು. ಜಯಶ್ರೀ ಸಿಂಧನೂರಿನ ಹಾಸ್ಟೆಲಿನಲ್ಲಿ ಅಡುಗೆಯವಳು. ಆರೂವರೆಯ ಬಸ್ಸು ತಪ್ಪಿದರೆ ನೂರು ಮಕ್ಕಳ ಉಪ್ಪಿಟ್ಟು ತಡ. ಮೊದಮೊದಲು ನಿಷ್ಠೆಯಿಂದಲೇ ಓದಿದಳು. ಒಂದು ದಿನ ಎರಡು ಹಾಳೆ ಅಂಟಿಕೊಂಡಿದ್ದವು, ಬಿಡಿಸದೆ ಮುಂದಕ್ಕೆ ಓದಿದಳು. ಅತ್ತೆ ತುಟಿ ಪಿಟಕ್ ಎನ್ನಲಿಲ್ಲ. ಮರುದಿನ ನಾಲ್ಕು ಹಾಳೆ. ಆಮೇಲೆ ಕೈಗೆ ರೂಢಿಯಾಯಿತು. ಪ್ರವಾದಿಗಳ ಬೈಗುಳವನ್ನಂತೂ ಹಿಡಿಹಿಡಿಯಾಗಿ ಮಗುಚಿದಳು. ಪುಸ್ತಕ ಮುಗಿದರೆ ಬೆಳಗಿನ ಅರ್ಧ ತಾಸು ಉಳಿದೀತು ಎಂಬುದೊಂದೇ ತಲೆಯಲ್ಲಿತ್ತು. ಮುಗಿದರೆ ಏನಾಗುತ್ತದೆ ಎಂದು ಅತ್ತೆ ಬಾಯಿಬಿಟ್ಟು ಹೇಳಿದ್ದಳಲ್ಲ! ಅದು ನೆನಪಾಗಿದ್ದು ನಿನ್ನೆ ಮಧ್ಯಾಹ್ನ, ಅತ್ತೆಯ ಕೈ ತಣ್ಣಗಾದ ಮೇಲೆ.

*

ಹೆಣ ಹೊತ್ತವರು ಕಾಲುವೆಯ ದಂಡೆಗುಂಟ ನಡೆದರು. ಮುಂದೆ ಹಲಗೆ ಬಾರಿಸುವವರು, ಹಿಂದೆ ಹೆಂಗಸರು. ಎದೆಗೆ ಪುಸ್ತಕ ಅವಚಿಕೊಂಡಿದ್ದ ಜಯಶ್ರೀಗೆ ಹಲಗೆಯ ಸದ್ದಿನ ನಡುವೆಯೂ ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ಓದುವ ದನಿ ಕೇಳುತ್ತಿತ್ತು. ಪುಸ್ತಕ ಕಂಕುಳಲ್ಲಿ ಒತ್ತಿ ಕಿವಿ ಮುಚ್ಚಿಕೊಂಡಳು, ದನಿ ನಿಲ್ಲಲಿಲ್ಲ.

"ಚಾಚಿ," ಎಂದು ಜುಬೇದಾಬೀಯ ಸೆರಗು ಜಗ್ಗಿದಳು. "ನಾ ಅತ್ತಿನ್ನ ಕೊಂದೀನಿ."

"ತೋಬಾ ತೋಬಾ! ಏನ್ ಮಾತಬೇ ಅದು?"

"ಹಾಳಿ ಬಿಟ್ಟು ಬಿಟ್ಟು ಓದೀನಿ ಚಾಚಿ. ಪುಸ್ತಕ ಮುಗಿದಿಲ್ಲ. ಮುಗೀತು ಅಂತ ಸುಳ್ಳು ಹೇಳೀನಿ."

ಜುಬೇದಾಬೀ ಅವಳನ್ನು ಹೆಂಗಸರ ಗುಂಪಿನಿಂದ ತುಸು ಹಿಂದಕ್ಕೆ ಎಳೆದುಕೊಂಡಳು. "ನಂಗ ಗೊತ್ತೈತಿ," ಎಂದಳು. "ಅಕಿಗೂ ಗೊತ್ತಿತ್ತು."

ಜಯಶ್ರೀ ನಿಂತುಬಿಟ್ಟಳು.

"ದಿನಾ ಮಧ್ಯಾಹ್ನ ನಮ್ಮನಿ ಕಟ್ಟಿ ಮ್ಯಾಲ ಬಂದು ಕುಂದ್ರತಿದ್ಲಲ್ಲ? ಪುಸ್ತಕ ತೊಡಿ ಮ್ಯಾಲಿಟ್ಟು, ನೀ ಗುರುತಿಗಿಟ್ಟ ದಾರ ಹುಡುಕಿ, ಹೆಬ್ಬೆರಳಿಲೆ ಮುಂದ ಉಳಿದ ಹಾಳಿ ಎಣಿಸ್ತಿದ್ಲು. 'ಇವತ್ತು ಆರು ಹಾಳಿ ಜಿಗಿಸ್ಯಾಳ ಜುಬೇದಾ' ಅಂತಿದ್ಲು. ಮೊನ್ನಿಗೆ ಒಟ್ಟು ನೂರಾ ಹದಿನಾರು ಅಂತ ಲೆಕ್ಕ ಹೇಳಿದ್ಲು."

"ಮತ್ತ ನನಗ ಒಂದು ಮಾತು ಅನ್ನಲಿಲ್ಲಲ್ಲ?"

"ನಾನೂ ಅದನ್ನ ಕೇಳಿದೆ." ಜುಬೇದಾಬೀ ಕಣ್ಣೊರೆಸಿಕೊಂಡಳು. "'ಹುಡುಗಿಗೆ ಸಾಕಾಗೇತಿ. ಲಗೂನ ಮುಗೀಲಿ ಬಿಡು' ಅಂದ್ಲು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತೆ ಎಣಿಸುತ್ತಲೇ ಹೋದಳೆಂಬುದನ್ನು ತಡೆದುಕೊಳ್ಳುವುದು ಹೇಗೆಂದು ಜಯಶ್ರೀಗೆ ತಿಳಿಯಲಿಲ್ಲ.

ಹೆಣವನ್ನು ಕುಣಿಗೆ ಇಳಿಸಿದರು. ಸತ್ತವರಿಗೆ ಪ್ರೀತಿಯಾದದ್ದನ್ನು ಜೊತೆಗಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಮುದುಕಮ್ಮನ ತಮ್ಮ ಅಂಬಪ್ಪ ಎಲೆಯಡಿಕೆ ಚೀಲ ಇಟ್ಟು, ಜಯಶ್ರೀಯ ಕಡೆ ಕೈ ಚಾಚಿದ.

"ತಾರವ್ವಾ ಪುಸ್ತಕ. ಎದಿ ಮ್ಯಾಲ ಇಡೂಣು. ಓದಿ ಮುಗಿಸ್ಯಾಳ, ಒಯ್ಯಲಿ."

"ಕೊಡಂಗಿಲ್ಲ ಮಾವ."

"ಯಾಕ?"

"ಮುಗಿದಿಲ್ಲ." ಜಯಶ್ರೀಯ ದನಿ ಎಲ್ಲರಿಗೂ ಕೇಳಿಸಿತು. "ನೂರಾ ಹದಿನಾರು ಹಾಳಿ ಅದಾವ. ನಾನ ಜಿಗಿಸೀನಿ. ಅತ್ತಿ ತಾನಾಗಿ ಹೋಗಿಲ್ಲ, ನಾ ಕಳಿಸೀನಿ."

ಗುಂಪು ಗುಜುಗುಜು ಎಂದಿತು. ಗಂಡ ದುರುಗೇಶ ಒಮ್ಮೆ ಅವಳನ್ನು, ಒಮ್ಮೆ ಕುಣಿಯೊಳಗಿದ್ದ ತಾಯಿಯನ್ನು ನೋಡಿದ.

"ಅದನ್ನೆಲ್ಲ ಓದೋತನ ಹೆಣ ಇಟಗೊಂಡು ಕುಂದ್ರಾಕ ಆಕೈತೇನು?" ಎಂದ ಅಂಬಪ್ಪ.

"ಇವತ್ತಿಂದು ಒಂದ ಹಾಳಿ. ಉಳಿದದ್ದು ದಿನಾ ಬಂದು ಓದ್ತೀನಿ."

ಅವಳು ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಉಗುರು ತೂರಿಸಿ, ಅಂಟಿಕೊಂಡಿದ್ದ ಎರಡು ಹಾಳೆಗಳನ್ನು ಬಿಡಿಸಿದಳು. ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು, ಒಂದು ಅಕ್ಷರವನ್ನೂ ನುಂಗದೆ. ದುರುಗೇಶ ಹೆಗಲ ಮೇಲಿನ ಟವೆಲ್ ಬಿಚ್ಚಿ ಅವಳ ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದ. ಸಲಿಕೆ ಹಿಡಿದವರು ಮಣ್ಣಿನ ಗುಡ್ಡೆಯ ಮೇಲೆ ಕೂತರು.

ಹಾಳೆ ಮುಗಿಯಿತು. ಪ್ರತಿ ಬೆಳಗ್ಗೆ ಇಷ್ಟಾದ ಮೇಲೆ ಮುದುಕಮ್ಮ "ಹೂಂ" ಎನ್ನುತ್ತಿದ್ದಳು. ಜಯಶ್ರೀ ಪುಸ್ತಕ ಮುಚ್ಚದೆ ಕುಣಿಯತ್ತ ಬಾಗಿ ಕಿವಿಗೊಟ್ಟಳು. ಅವಳನ್ನು ನೋಡಿ ಅಂಬಪ್ಪನೂ, ಜುಬೇದಾಬೀಯೂ, ಸಲಿಕೆ ಹಿಡಿದವರೂ ಬಾಗಿದರು. ಮಣ್ಣು ಹಾಕಲು ಯಾರೂ ಏಳಲಿಲ್ಲ.