ಅರ್ಧ ತಲೆಯ ಕಟಿಂಗ್

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಅರೆಬರೆ. ಗಿರಾಕಿಯ ಒಂದು ಕೆನ್ನೆಗೆ ಸೋಪು ಹಚ್ಚಿ, ಹೊರಗೆ ಯಾರೋ ಜಗಳವಾಡುತ್ತಿದ್ದಾರೆಂದು ಬ್ರಷ್ಷು ಹಿಡಿದುಕೊಂಡೇ ಓಡುವ ಕ್ಷೌರಿಕನಿಗೆ ಬೇರೆ ಯಾವ ಹೆಸರು ಒಪ್ಪೀತು? ಜನ ಬರುತ್ತಿದ್ದದ್ದು ಅವನ ಕತ್ತರಿಗಲ್ಲ, ಬಾಯಿಗೆ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ಎದುರಿನವರ ಮಾತನ್ನಂತೂ ಮುಗಿಯಲು ಬಿಟ್ಟವನೇ ಅಲ್ಲ.

ಕೊನೆಗೆ ಹೆಂಡತಿಯೇ ಅವನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಇದು ಉಡಾಫೆಯಲ್ಲ, ಎಡಿಎಚ್‌ಡಿ ಎಂಬ ತೊಂದರೆ, ಗಮನ ಒಂದು ಕಡೆ ನಿಲ್ಲುವುದಿಲ್ಲ ಎಂದರು. ಗುಳಿಗೆ ಬರೆಯುವ ಮೊದಲು ಬಿಪಿ ನೋಡಿದರು. ಯಾವತ್ತಾದರೂ ಎಚ್ಚರ ತಪ್ಪಿ ಬಿದ್ದಿದ್ದೀರಾ, ಎದೆ ಡವಡವ ಅನ್ನುತ್ತದಾ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯ ನಿಂತು ಹೋಗಿದ್ದಾರಾ ಎಂದು ಕೆದಕಿ ಕೆದಕಿ ಕೇಳಿದರು.

"ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದೇ. ನಿಮ್ಮಷ್ಟಕ್ಕೆ ನೀವೇ ಜಾಸ್ತಿ ಮಾಡ್ಕೋಬೇಡಿ. ಇನ್ನೊಬ್ರಿಗಂತೂ ಕೊಡಲೇಬೇಡಿ."

ಅವನು ತಲೆಯಾಡಿಸಿದ. ಕೇಳದೆಯೇ ತಲೆಯಾಡಿಸುವುದರಲ್ಲಿ ಅವನದು ಎತ್ತಿದ ಕೈ.

ಸಣ್ಣ ಡೋಸಿನಿಂದ ಶುರುವಾಯಿತು. ಬಾಯಿ ಒಣಗಿತು, ಮಧ್ಯಾಹ್ನದ ಊಟ ಸೇರದಾಯಿತು. ಮತ್ತೊಮ್ಮೆ ಪರೀಕ್ಷೆ ಮಾಡಿ ಡಾಕ್ಟರಮ್ಮ ಸ್ವಲ್ಪ ಏರಿಸಿದರು. ಆಗ ಒಂದು ಬೆಳಿಗ್ಗೆ, ಹುಟ್ಟಿದಾಗಿನಿಂದ ಅವನ ತಲೆಯೊಳಗೆ ನೆರೆದಿದ್ದ ಸಂತೆ ಎದ್ದುಹೋಯಿತು. ಫ್ಯಾನಿನ ಸದ್ದು ಫ್ಯಾನಿನಲ್ಲೇ ಉಳಿಯಿತು, ಬೀದಿಯ ಸದ್ದು ಬೀದಿಯಲ್ಲೇ. ಕತ್ತರಿ ಎತ್ತಿದವನಿಗೆ ಗಿರಾಕಿಯ ನೆತ್ತಿಯ ಸುಳಿ ಕಂಡಿತು. ಕೂದಲು ಅಲ್ಲಿಂದ ಹೊರಟು, ಸುತ್ತಿ, ಕಿವಿಯ ತನಕ ಇಳಿದು ಬರುವುದನ್ನು ಅವನು ಮೈಮರೆತು ನೋಡಿದ. ಎಷ್ಟು ಚೆಂದ! ಇಷ್ಟು ವರ್ಷ ಇದು ತನ್ನ ಕೈಕೆಳಗೇ ಇತ್ತಲ್ಲ! ಅವನ ಕಣ್ಣು ತುಂಬಿ ಬಂತು. ಮನೆಯಲ್ಲೇನೋ ರಂಪವಾಗಿರಬೇಕೆಂದು ಗಿರಾಕಿ ಗಾಬರಿಯಾದ.

"ನಿಮಗೆಲ್ಲ ಯಾವಾಗ್ಲೂ ಹೀಗೇ ಇರುತ್ತಾ?" ಎಂದು ಅವನು ಹೆಂಡತಿಯನ್ನು ಕೇಳಿದ.

"ಮತ್ತಿನ್ನು ಹೇಗಿರುತ್ತೆ?" ಎಂದಳು ಅವಳು.

ಈ ಪವಾಡವನ್ನು ಅವನು ಬೀದಿಗೆಲ್ಲ ಸಾರಿದ. ಹಾಗಾಗಿ ಡ್ರೈವರ್ ಮಾಮನ ಕಿವಿಗೂ ಬಿತ್ತು. ಬಸ್ಸು ಓಡಿಸಿ ನಿವೃತ್ತನಾದ ಮುದುಕ, ಅಂಗಡಿಯ ಹಳೆಯ ಗಿರಾಕಿ. ಕುರ್ಚಿಯಲ್ಲಿ ಕೂತವನೇ ರಾಗ ಎಳೆದ.

"ನನ್ನ ಮೊಮ್ಮಗಳಿಗೂ ಒಂದು ಗುಳಿಗೆ ಕೊಡೋ. ಪರೀಕ್ಷೆ ಹತ್ರ ಬಂತು. ಪುಸ್ತಕ ಹಿಡಿದ್ರೆ ಸುಸ್ತು ಅಂತಾಳೆ."

"ಒಂದೇ ತಾನೆ ಮಾಮ, ಅದಕ್ಕೇನಂತೆ!" ಡಾಕ್ಟರಮ್ಮನ ಮಾತು ನೆನಪಿಗೆ ಬಂತು. ಆದರೆ ಇಷ್ಟು ದೊಡ್ಡ ಸಂಗತಿಯನ್ನು ತಾನೊಬ್ಬನೇ ಬಚ್ಚಿಟ್ಟುಕೊಳ್ಳುವುದು ಪಾಪವೆನಿಸಿತು. ಒಂದು ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಮಾಮನ ಜೇಬಿಗೆ ಹಾಕಿಯೇಬಿಟ್ಟ. ಆಮೇಲೆ ಎಡಗಡೆಯಿಂದ ಕೂದಲು ಕತ್ತರಿಸತೊಡಗಿದ.

ಮಾಮ ಮಾತು ಮುಂದುವರಿಸಿದ. ಅರೆಬರೆ ಕೇಳುತ್ತಾ ಹೋದ. ಮಾತೊಂದು ಹೆಜ್ಜೆ ಹಾಕುತ್ತಾ ತನ್ನ ಕಡೆ ಬರುವುದು ಅವನಿಗೆ ಇನ್ನೂ ಹೊಸ ಬೆರಗು.

"ಮೊದಲು ಚಟುವಟಿಕೆಯಾಗೇ ಇದ್ಲು. ಈಗ ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂಡು ಕೂತ್ಕೋತಾಳೆ. ಹೋದ ವಾರ ಓಡ್ತಾ ಓಡ್ತಾ ಹಾಗೇ ಬಿದ್ಬಿಟ್ಲಂತೆ." ಮಾಮನ ದನಿ ಇಳಿಯಿತು. "ಅವಳಪ್ಪನಿಗೂ ಹೀಗೇ ಆಗ್ತಿತ್ತು. ಒಂದಿನ ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಏಳಲೇ ಇಲ್ಲ, ನನ್ನ ಮಗ. ಇವಳು ಬಿದ್ದಿದ್ದನ್ನ, ಸೊಸೆ ಹೆದರ್ತಾಳೆ ಅಂತ, ಮನೇಲಿ ಹೇಳಿಲ್ಲ."

ಕತ್ತರಿ ನಿಂತಿತು. ಎಚ್ಚರ ತಪ್ಪುವುದು, ಎದೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೋದವರು. ಡಾಕ್ಟರಮ್ಮ ಕೆದಕಿದ್ದೆಲ್ಲ ಒಂದೊಂದಾಗಿ ಎದುರು ಬಂದು ನಿಂತಿತು. ಹೊದಿಸಿದ ಬಟ್ಟೆಯೊಳಗೆ ಕೈ ತೂರಿಸಿ ಮಾಮನ ಜೇಬಿನಿಂದ ಪೊಟ್ಟಣ ಕಿತ್ತುಕೊಂಡ.

"ಏನೋ ಇದು? ಕೊಟ್ಟು ಕಿತ್ಕೋತೀಯಾ?"

"ಇದು ನನಗೆ ಅಂತ ನೋಡಿ ಕೊಟ್ಟಿದ್ದು ಮಾಮ. ಎದೆ ತೊಂದರೆ ಇರೋರಿಗೆ ಇದ್ರಿಂದ ಜೀವಕ್ಕೇ ಅಪಾಯ ಆಗ್ಬಹುದು. ಮೊದಲು ಅವಳ ಎದೆ ತೋರಿಸ್ಬೇಕು. ಏಳಿ, ಈಗ್ಲೇ ಹೋಗೋಣ." ಪೊಟ್ಟಣವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. "ಇಷ್ಟು ದೊಡ್ಡ ವಿಷಯ ನನಗಾದ್ರೂ ಮೊದಲೇ ಹೇಳ್ಬಾರ್ದಿತ್ತಾ?"

ಮಾಮ ಕನ್ನಡಿಯಲ್ಲೇ ಅವನನ್ನು ನೋಡಿದ. "ಬಂದಾಗೆಲ್ಲ ಶುರು ಮಾಡಿದ್ದೀನಪ್ಪ. ಮುಗಿಸೋಕೆ ಬಿಟ್ಟಿದ್ದು ಇವತ್ತೇ."

ಅರೆಬರೆ ಕುರ್ಚಿಯನ್ನು ನೋಡಿದ. ಈ ಕುರ್ಚಿಯಲ್ಲಿ ಇನ್ನೂ ಎಷ್ಟು ಜನ ಎಷ್ಟೆಲ್ಲ ಹೇಳಲು ಹೊರಟಿದ್ದರೋ!

ಇಬ್ಬರೂ ಬೀದಿಗಿಳಿದರು. ಮಾಮನ ತಲೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಪೊದೆ, ಕೊರಳಲ್ಲಿ ಇನ್ನೂ ಅಂಗಡಿಯ ಬಟ್ಟೆ. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನೋ ಅರೆಬರೆ, ಗುಳಿಗೆ ಕೆಲಸ ಮಾಡ್ಲಿಲ್ವಾ?"

ಅವನು ಮುದುಕನ ಕೈ ಹಿಡಿದುಕೊಂಡು, ಅತ್ತಿತ್ತ ನೋಡದೆ, ಆ ಹುಡುಗಿಯ ಮನೆಯ ಕಡೆ ನಡೆದ.